ವಾಲ್ಡೊ ತಿಂದ ಹನ್ನೊಂದು ಬಿಸ್ಕತ್ತು

ನಲವತ್ತೆಂಟು ಬಿಸ್ಕತ್ತು ಇರಬೇಕಿತ್ತು. ಮೂವತ್ತೇಳು ಇದ್ದವು.

ಮತ್ತೆ ಎಣಿಸಿದೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ತಟ್ಟೆ ಎಣಿಸಿದವಳು ನಾನು. ಆದರೂ ಎರಡು ಸಲ ಎಣಿಸದೆ ಯಾವ ಸಂಖ್ಯೆಯನ್ನೂ ನಂಬುವುದಿಲ್ಲ. ಎರಡನೆಯ ಸಲವೂ ಮೂವತ್ತೇಳೇ. ಆರಲು ಇಟ್ಟಿದ್ದ ಜಾಲರಿಯ ಒಂದು ಮೂಲೆ ಬರಿದಾಗಿತ್ತು, ಅಲ್ಲಿ ಜೊಲ್ಲಿನ ಗೆರೆ ಇನ್ನೂ ಹಸಿಯಾಗಿತ್ತು. ಕೆಳಗೆ ನಮ್ಮ ನಾಯಿ ವಾಲ್ಡೊ ಹೊಟ್ಟೆಯನ್ನು ತಣ್ಣನೆಯ ನೆಲಕ್ಕೆ ಒತ್ತಿ ಮಲಗಿದ್ದ. ನಾಲಿಗೆ ಒಂದು ಗೇಣು ಹೊರಗೆ. ಉಸಿರು ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿದ್ದ ನೀರಿನ ಬಟ್ಟಲು ಅಲುಗುತ್ತಿತ್ತು.

ಶನಿವಾರ, ಹನ್ನೊಂದು ಗಂಟೆ. ಆಗಸ್ಟ್ ತಿಂಗಳು. ಸರೋವರದ ಕಡೆಯಿಂದ ಗಾಳಿಯೇ ಇರಲಿಲ್ಲ. ಇಂಥ ದಿನ ಯಾವ ನಾಯಿಯೂ ಏದುಸಿರು ಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಿತ್ತಲಲ್ಲಿ ನನ್ನ ಗಂಡ ನಾರ್ಬ್ ಕೆಂಡದ ಮೇಲೆ ಸಾಸೇಜು ಸುಡುತ್ತಿದ್ದ. ಅವನಿಗೂ ಹಾಗೇ ಹೇಳಿದೆ.

"ಹನ್ನೊಂದು ತಿಂದ್ನಾ?" ಎಂದು ನಾರ್ಬ್ ನಕ್ಕ. "ಕಳ್ಳ ನನ್ಮಗ. ನೀರು ಕುಡಿಸು, ಸರಿ ಹೋಗ್ತಾನೆ. ನಿನ್ನ ಬಿಸ್ಕತ್ತು ತಿಂದು ಯಾವ ನಾಯಿ ಸತ್ತಿದೆ ಹೇಳು."

ಯಾವುದೂ ಸತ್ತಿಲ್ಲ, ನಿಜ. ನಾಯಿಗಳಿಗೆಂದೇ ಈ ಬಿಸ್ಕತ್ತನ್ನು ಆರು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮ ಊರಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಒಂದು ಸಂಘವಿದೆ. ಅವರು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ, ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ, ಸಿಹಿರಸವನ್ನು ಬಸಿದುಕೊಳ್ಳುತ್ತಾರೆ. ಉಳಿದ ಚರಟವನ್ನು ಬಕೆಟ್ಟಿನಲ್ಲಿ ತುಂಬಿ ನನಗೆ ಕೊಡುತ್ತಾರೆ. ಅದಕ್ಕೆ ಹಿಟ್ಟು, ಮೊಟ್ಟೆ, ಕಡಲೇಕಾಯಿ ಬೆಣ್ಣೆ, ಬಾಯಿ ವಾಸನೆಗೆಂದು ಒಂದಿಷ್ಟು ಒಣಗಿದ ಪಾರ್ಸ್ಲಿ ಸೊಪ್ಪು ಸೇರಿಸಿ, ಮೂಳೆಯ ಆಕಾರದಲ್ಲಿ ಕತ್ತರಿಸಿ ಬೇಯಿಸುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಒಣಗಿಸಬೇಕು. ಇಲ್ಲವಾದರೆ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಈ ಕೆಲಸದಲ್ಲಿ ಭಯಪಡಬೇಕಾದದ್ದು ಒಂದೇ, ಹಾಪ್ಸ್. ಬಿಯರಿಗೆ ಕಹಿ ಕೊಡುವ ಹೂವು ಅದು. ಮನುಷ್ಯರಿಗೆ ಏನೂ ಆಗದು. ನಾಯಿ ತಿಂದರೆ ಮೈ ಒಳಗಿಂದಲೇ ಕಾಯತೊಡಗುತ್ತದೆ, ಕಾಯುವುದು ನಿಲ್ಲುವುದಿಲ್ಲ. ಆದರೆ ಹಾಪ್ಸ್ ಹಾಕುವುದು ಸಿಹಿರಸವನ್ನು ಬೇರೆ ಹಂಡೆಗೆ ಬಸಿದು ಒಲೆಯ ಮೇಲೆ ಕುದಿಸುವಾಗ. ಅಷ್ಟು ಹೊತ್ತಿಗೆ ಚರಟ ನನ್ನ ಬಕೆಟ್ಟಿನಲ್ಲಿರುತ್ತದೆ. ಮೊದಲು ಚರಟ, ಆಮೇಲೆ ಹಾಪ್ಸ್. ಆ ಕ್ರಮವನ್ನು ನಂಬಿಯೇ ಆರು ವರ್ಷ ಬೇಯಿಸಿದ್ದೆ.

ಅಡುಗೆಮನೆಗೆ ಬಂದು ಮೊದಲು ನನ್ನನ್ನೇ ಅನುಮಾನಿಸಿದೆ. ಕಡಲೇಕಾಯಿ ಬೆಣ್ಣೆಯ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಕೆಲವು ಡಬ್ಬಿಗಳಲ್ಲಿ ಸಕ್ಕರೆಯ ಬದಲು ಬೇರೇನೋ ಹಾಕಿರುತ್ತಾರೆ, ಅದೂ ನಾಯಿಗೆ ಆಗದು. ಇದರಲ್ಲಿ ಕಡಲೇಕಾಯಿ ಮತ್ತು ಉಪ್ಪು ಮಾತ್ರ. ಹಿಟ್ಟು ಹಳೆಯದೇ. ಸಾಸೇಜಿಗೆಂದು ನಾರ್ಬ್ ಹೆಚ್ಚಿದ ಈರುಳ್ಳಿ ಏನಾದರೂ ನನ್ನ ಮಣೆಗೆ ಅಂಟಿತ್ತೇ ಎಂದು ಮಣೆಯನ್ನು ಮೂಸಿದೆ. ಇಲ್ಲ. ಕೊನೆಗೆ ಒಂದು ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡೆ.

ಮೊದಲು ಹುರಿದ ಹಿಟ್ಟಿನ ರುಚಿ. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಏನೋ ಉಳಿಯಿತು. ತೆಳ್ಳಗೆ, ಒಣಗಿದ ಹುಲ್ಲಿನಂತೆ. ಕಹಿಯೇ? ಅಂಚು ಸೀದಿರಬಹುದು. ಸಂಜೆ ತರಗತಿಯಲ್ಲಿ ಆಹಾರ ಸುರಕ್ಷತೆ ಕಲಿಸಿದ ಮೇಡಂ, ನಾಲಿಗೆ ನಾವು ಹೆದರಿದ್ದನ್ನೇ ಹೇಳುತ್ತದೆ, ಅದಕ್ಕೇ ಚೀಟಿ ಬರೆಯಿರಿ ಎನ್ನುತ್ತಿದ್ದರು. ನಾನು ಬರೆಯುತ್ತೇನೆ. ಪ್ರತಿ ಪೊಟ್ಟಣದ ಮೇಲೂ ತಾರೀಖು, ಚರಟ ಯಾರದು, ಯಾವ ಬಿಯರಿನದು ಎಂದು ಬರೆದಿರುತ್ತದೆ. ಈ ಸಲದ ಚೀಟಿಯಲ್ಲಿ ಹೀಗಿತ್ತು: "ಗುರುವಾರ. ಆರ್ಲೊ ಗ್ರೂಬರ್. ಗೋಧಿ."

ಗೋಧಿ, ಅಷ್ಟೇ. ನಾನು ಅಷ್ಟಕ್ಕೇ ಬಿಡುವವಳಲ್ಲ. ಆ ದಿನ ಯಾಕೆ ಬಿಟ್ಟೆನೆಂದು ಈಗ ನೆನಪಾಯಿತು.

ಆರ್ಲೊ ನಮ್ಮಿಂದ ಮೂರನೆಯ ಮನೆಯವನು. ಕೊಳಾಯಿ ಕೆಲಸದಿಂದ ನಿವೃತ್ತನಾದ ಮೇಲೆ ಬಿಯರೇ ಅವನ ಕೆಲಸ. ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಮೇಳದ ಬಿಯರ್ ಸ್ಪರ್ಧೆಯಲ್ಲಿ ಐದು ಸಲ ಮೊದಲ ಬಹುಮಾನ ಗೆದ್ದವನು. ನಾರ್ಬ್‌ಗೆ ನಾಲ್ಕು ಸಲ ಎರಡನೆಯದು. ಇಬ್ಬರೂ ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಾರೆ, ಒಬ್ಬರ ಹಿಮವನ್ನು ಇನ್ನೊಬ್ಬರು ಗೋರುತ್ತಾರೆ, ಆದರೆ ಜುಲೈ ಬಂದು ಮೇಳ ಹತ್ತಿರವಾದರೆ ಆರ್ಲೊ ತನ್ನ ಗ್ಯಾರೇಜಿನ ಬಾಗಿಲನ್ನು ಅರ್ಧ ಇಳಿಸಿಬಿಡುತ್ತಾನೆ. ಗುರುವಾರ ನಾನು ಹೋದಾಗ ಬಕೆಟ್ಟನ್ನು ಆ ಬಾಗಿಲ ಕೆಳಗಿಂದಲೇ ತಳ್ಳಿದ್ದ.

"ಏನು ಬಿಯರು, ಆರ್ಲೊ?"

"ಗೋಧಿ ಅಂತ ಬರ್ಕೊ."

"ಗೋಧೀಲಿ ಯಾವ್ದು?"

ಬಾಗಿಲು ಇನ್ನೊಂದು ಗೇಣು ಕೆಳಗಿಳಿಯಿತು. ಆಮೇಲೆ, "ನಿನ್ನ ಗಂಡ ಕಳ್ಸಿದ್ನಾ?"

ನನಗೆ ಮುಖ ಬಿಸಿಯಾಯಿತು. ಏಕೆಂದರೆ ಅವನ ಅನುಮಾನ ಪೂರ್ತಿ ಸುಳ್ಳಲ್ಲ. ಎರಡು ವರ್ಷದ ಹಿಂದೆ ಊಟದ ಮೇಜಿನಲ್ಲಿ, "ಆರ್ಲೊನ ಚರಟ ಹೊಗೆ ಹೊಗೆ ವಾಸನೆ ಇತ್ತಪ್ಪ" ಎಂದು ನಾನೇ ಅಂದಿದ್ದೆ. ಸುಮ್ಮನೆ ಅಂದ ಮಾತು. ಆ ಸಲ ನಾರ್ಬ್‌ನ ಬಿಯರಿಗೂ ಹೊಗೆಯ ವಾಸನೆ ಬಂತು. ಆರ್ಲೊ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ನಾರ್ಬ್‌ನ ಕಡೆ ನೋಡದೆ ನನ್ನ ಕಡೆ ನೋಡಿದ್ದ. ಅದಕ್ಕೇ ಗುರುವಾರ ಇನ್ನೊಂದು ಮಾತು ಕೇಳಲಾರದೆ ಬಕೆಟ್ಟು ಎತ್ತಿಕೊಂಡು ಬಂದಿದ್ದೆ.

ವಾಲ್ಡೊ ಎದ್ದ. ಎರಡು ಹೆಜ್ಜೆ ನಡೆದು, ಮತ್ತೆ ಮಲಗಿ, ಮತ್ತೆ ಎದ್ದ. ಕಿವಿ ಮುಟ್ಟಿದರೆ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು.

ನಾಯಿ ಆಸ್ಪತ್ರೆಗೆ ಫೋನ್ ಮಾಡಿದೆ. ಶನಿವಾರ ಹನ್ನೆರಡಕ್ಕೆ ಮುಚ್ಚುತ್ತಾರೆ. ಎತ್ತಿದವಳು ಟ್ರೂಡಿ, ಅಲ್ಲಿನ ಸಹಾಯಕಿ.

"ವಿಲ್ಮಾ! ಈ ವರ್ಷಕ್ಕೆ ನಾಲ್ಕನೇ ಸಲ ಅಲ್ವಾ? ಹೋದ್ಸಲ ಬಿಕ್ಕಳಿಕೆ ಬಂದಿತ್ತು."

"ಈ ಸಲ ಬಿಕ್ಕಳಿಕೆ ಅಲ್ಲ, ಟ್ರೂಡಿ."

"ಜ್ವರ ನೋಡಿದ್ರಾ?"

ನೋಡಿದೆವು. ಹಿತ್ತಲಿಂದ ಬಂದ ನಾರ್ಬ್ ನಾಯಿಯ ತಲೆ ಹಿಡಿದುಕೊಂಡ, ನಾನು ಬಾಲ ಎತ್ತಿ ಥರ್ಮಾಮೀಟರು ಇಟ್ಟೆ. "ಕ್ಷಮಿಸಪ್ಪಾ, ಇದು ಅವಳ ಐಡಿಯಾ" ಎಂದು ನಾರ್ಬ್ ನಾಯಿಯ ಕಿವಿಯಲ್ಲಿ ಹೇಳುತ್ತಿದ್ದ. ನೂರಾ ಮೂರೂವರೆ ಡಿಗ್ರಿ.

"ಸ್ವಲ್ಪ ಜಾಸ್ತಿನೇ" ಎಂದಳು ಟ್ರೂಡಿ. "ಆದ್ರೆ ಈ ಬಿಸಿಲಿಗೆ ಬರೋಷ್ಟೇ. ಬರೀ ಬಿಸಿಲಿನದ್ದಾದ್ರೆ ಕಾರಲ್ಲಿ ಕೂರಿಸಿ ಸುತ್ತಿಸ್ಬೇಡಿ, ಅದೇ ಕೆಟ್ಟದ್ದು. ನೆರಳು, ಒದ್ದೆ ಬಟ್ಟೆ, ನೀರು. ಏನಾದ್ರೂ ತಿಂದಿದಾನಾ?"

"ನನ್ನ ಬಿಸ್ಕತ್ತು. ಹನ್ನೊಂದು."

ಟ್ರೂಡಿಯ ದನಿ ಬದಲಾಯಿತು. "ಅದ್ರಲ್ಲಿ ಹಾಪ್ಸ್ ಇತ್ತಾ?"

"ಇರಲ್ಲ. ಇರಬಾರದು."

"ಇರಬಾರದು ಅಂದ್ರೆ ಏನು ವಿಲ್ಮಾ? ಇತ್ತಾ, ಇರ್ಲಿಲ್ವಾ? ಇದ್ರೆ ಒಂದು ನಿಮಿಷ ಕಾಯ್ಬೇಡಿ, ಈಗಲೇ ಹೊರಡಿ. ವಾಂತಿ ಮಾಡಿಸ್ಬೇಕು, ಔಷಧಿ ಹಾಕ್ಬೇಕು. ಆ ಜ್ವರ ನೀರು ಸುರಿದ್ರೆ ಇಳಿಯಲ್ಲ."

ಫೋನ್ ಇಟ್ಟೆ. ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ತೊಂಬತ್ತು ಪೌಂಡಿನ ನಾಯಿ. ನಮ್ಮ ಹಳೆಯ ಗಾಡಿಯಲ್ಲಿ ತಂಪು ಯಂತ್ರ ಕೆಟ್ಟು ಎರಡು ಬೇಸಿಗೆ ಆಗಿತ್ತು. ಬರೀ ಬಿಸಿಲಾಗಿದ್ದರೆ ಆ ಗಾಡಿಯಲ್ಲಿ ಹಾಕಿಯೇ ನಾನು ಅವನನ್ನು ಕೊಲ್ಲುತ್ತೇನೆ. ಹಾಪ್ಸ್ ಆಗಿದ್ದರೆ ಇಲ್ಲಿ ಒದ್ದೆ ಬಟ್ಟೆ ಹಾಕುತ್ತಾ ಕೂತು ಕೊಲ್ಲುತ್ತೇನೆ.

"ನಾರ್ಬ್, ಆರ್ಲೊ ಗೋಧೀಲಿ ಏನು ಮಾಡ್ತಿರ್ಬಹುದು?"

"ನಂಗೇನು ಗೊತ್ತು? ಹುಳಿ ಗೋಧಿ ಇರ್ಬೇಕು. ಹೋದ ವರ್ಷ ಅದ್ರಲ್ಲೇ ಗೆದ್ದಿದ್ದು." ನಾರ್ಬ್ ವಾಲ್ಡೊನ ಬೆನ್ನಿನ ಮೇಲೆ ಒದ್ದೆ ಟವೆಲು ಹರಡುತ್ತಿದ್ದ. "ಬರ್ಲಿನ್ ಕಡೆ ಹಳೇ ಪದ್ಧತಿಯಂತೆ. ಕುದಿಸೋದೇ ಇಲ್ವಂತೆ. ನಾನೂ ಎರಡು ಸಲ ಮಾಡಿ ನೋಡ್ದೆ, ಕೆಟ್ಟ ಮೊಸರಿನ ಥರ ಆಯ್ತು. ಅವಂದು ಮಾತ್ರ ಕೆಡಲ್ಲ. ಏನೋ ಗುಟ್ಟಿದೆ."

"ಕುದಿಸ್ದೇ ಇದ್ರೆ ಹಾಪ್ಸ್ ಯಾವಾಗ ಹಾಕ್ತಾರೆ?"

ನಾರ್ಬ್‌ನ ಕೈ ಟವೆಲಿನ ಮೇಲೆ ನಿಂತಿತು.

ನನ್ನ ಕಣ್ಣಿಗೆ ಆರ್ಲೊನ ಗ್ಯಾರೇಜು ಬಂತು. ಅರ್ಧ ಇಳಿದ ಬಾಗಿಲ ಪಕ್ಕ ಅವನು ರಸ ಕುದಿಸುವ ದೊಡ್ಡ ಗ್ಯಾಸ್ ಒಲೆ ನಿಂತಿತ್ತು. ಅದರ ಕಾಲುಗಳ ನಡುವೆ ಜೇಡರ ಬಲೆ. ಬಿಯರ್ ಮಾಡುವ ದಿನ, ಒಲೆಯಲ್ಲಿ ಜೇಡರ ಬಲೆ! ನೋಡಿಯೂ ನೋಡದವಳಂತೆ ಬಂದಿದ್ದೆ. ಇನ್ನೊಂದು ನೆನಪಾಯಿತು: ಚರಟದಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳಿದ್ದವು. ಹಿಟ್ಟು ಕಲಸುವಾಗ, ಪಾರ್ಸ್ಲಿ ಆಗಲೇ ಹಾಕಿಬಿಟ್ಟೆನೇ ಎಂದು ನಿಂತು ಯೋಚಿಸಿದ್ದೆ. ಹಾಕಿದ್ದನ್ನು ಮರೆತಿರಬೇಕೆಂದು ಚಮಚವನ್ನು ಹಾಗೇ ಕೆಳಗಿಟ್ಟಿದ್ದೆ. ಕುದಿಸದೇ ಇದ್ದರೆ ಹಾಪ್ಸ್ ಬೀಳುವುದು ಕಾಳಿಗೇ.

ಆರ್ಲೊಗೆ ಫೋನ್ ಮಾಡಿದೆ.

"ಆರ್ಲೊ, ಒಂದೇ ಮಾತು. ಗುರುವಾರದ ಕಾಳಲ್ಲಿ ಹಾಪ್ಸ್ ಇತ್ತಾ?"

"ಕಾಳು ನೆನೆಯೋವಾಗ ಹಾಪ್ಸ್ ಯಾರಾದ್ರೂ ಹಾಕ್ತಾರಾ, ವಿಲ್ಮಾ?"

"ಯಾರಾದ್ರೂ ಅಲ್ಲ, ನೀನು ಹಾಕಿದ್ಯಾ? ವಾಲ್ಡೊ ಹನ್ನೊಂದು ತಿಂದಿದಾನೆ. ಮೈ ಕಾದಿದೆ."

ಆಗಲೇ ನಾರ್ಬ್ ಹಿಂದಿನಿಂದ ಕೂಗಿದ: "ಕೇಳು! ಕುದಿಸಿದ್ನಾ ಇಲ್ವಾ ಕೇಳು!"

ಆ ಕಡೆ ಆರ್ಲೊ ನಕ್ಕ. ಒಳ್ಳೆಯ ನಗುವಲ್ಲ. "ಓಹೋ. ಮೇಳಕ್ಕೆ ಎರಡು ವಾರ ಇದೆ, ಈಗ ನಾಯಿಗೆ ಜ್ವರ ಬಂತಾ? ಕಥೆ ಚೆನ್ನಾಗಿ ಕಟ್ಟಿದ್ದೀರಿ. ನಾರ್ಬ್‌ಗೆ ಹೇಳು, ಅವನ ಬಿಯರಲ್ಲೂ ಇಷ್ಟು ಕಷ್ಟ ಪಟ್ರೆ ಗೆಲ್ತಾನೆ." ಫೋನ್ ಇಟ್ಟುಬಿಟ್ಟ.

ಅವನು "ಇಲ್ಲ" ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ. ಆದರೆ "ಹೌದು" ಎಂದೂ ಅನ್ನಲಿಲ್ಲ. ಕೇಳಿದ ಪ್ರಶ್ನೆಗೆ ಪ್ರಶ್ನೆಯನ್ನೇ ಹಿಂದಿರುಗಿಸಿದ್ದ. ಸುಳ್ಳು ಹೇಳಲು ಮನಸ್ಸಿಲ್ಲದವರು ಹಾಗೆ ಮಾಡುತ್ತಾರೆ. ನಿಜವಾಗಿ ಸಿಟ್ಟು ಬಂದವರೂ ಹಾಗೆ ಮಾಡುತ್ತಾರೆ.

"ನೀನು ಇವನ್ನ ನೋಡ್ಕೊ" ಎಂದು ನಾರ್ಬ್‌ಗೆ ಹೇಳಿ, ಜಾಲರಿಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು ಹೊರಟೆ. ಓಡಬೇಕೆಂದು ಅನಿಸಿತು. ಓಡಿದರೆ ಅದನ್ನೂ ನಾಟಕ ಎಂದುಕೊಂಡಾನು ಎಂದು ಬೇಗ ಬೇಗ ನಡೆದೆ.

ಆರ್ಲೊ ಗ್ಯಾರೇಜಿನಲ್ಲಿ ಮುಕ್ಕಾಲಿಯ ಮೇಲೆ ಕೂತು ಬ್ರಷ್ಷು ಹಾಕಿ ಬಾಟಲಿ ತೊಳೆಯುತ್ತಿದ್ದ. ಕಾಲ ಬಳಿ ಪರ್ಲ್ ಮಲಗಿದ್ದಳು. ಬೂದು ಬಣ್ಣದ ತೆಳ್ಳನೆಯ ಬೇಟೆನಾಯಿ, ಓಟದ ಪಂದ್ಯದಿಂದ ಬಿಡುಗಡೆಯಾದವಳು. ಆ ಜಾತಿಯ ನಾಯಿಗಳಿಗೆ ಹಾಪ್ಸ್ ಬೇರೆಯವುಗಳಿಗಿಂತ ಬೇಗ ಏರುತ್ತದೆ. ಅದಕ್ಕೇ ಆರ್ಲೊ ತನ್ನ ಹಾಪ್ಸನ್ನು ಬೀಗ ಹಾಕಿದ ಡಬ್ಬಿಯಲ್ಲಿ ಸೂರಿನ ಹತ್ತಿರದ ಹಲಗೆಯ ಮೇಲೆ ಇಡುತ್ತಾನೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಅವನು ಮಾತಾಡುವುದು ಪರ್ಲ್ ಜೊತೆ ಮಾತ್ರ.

"ಮತ್ತೆ ಬಂದ್ಯಾ?" ಎಂದ. "ಈ ಸಲ ಅಳತೆ ಟೇಪು ತಂದಿದ್ದೀಯಾ?"

"ಇಲ್ಲ. ಪರ್ಲ್‌ದು ಕೊಡೋಕೆ ಬಂದೆ."

ನಮ್ಮ ಸಂಘದಲ್ಲಿ ಒಂದು ವಾಡಿಕೆಯಿದೆ. ಯಾರ ಚರಟದಿಂದ ಬಿಸ್ಕತ್ತು ಮಾಡಿದ್ದೋ ಮೊದಲನೆಯದು ಅವರ ಮನೆಯ ನಾಯಿಗೆ. ಅದು ತಿಂದ ಮೇಲೆಯೇ ಉಳಿದವಕ್ಕೆ. ಮರುದಿನ ಭಾನುವಾರ ಉದ್ಯಾನದಲ್ಲಿ ಸಂಘದ ಊಟವಿತ್ತು. ಇಪ್ಪತ್ತು ನಾಯಿಗಳಾದರೂ ಬರುತ್ತಿದ್ದವು.

"ನಾಳೆ ಗಲಾಟೆ ಇರತ್ತೆ" ಎಂದೆ. "ಇವತ್ತೇ ಕೊಟ್ಬಿಡ್ತೀನಿ."

ಮಂಡಿಯೂರಿದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು. ಪರ್ಲ್ ಎದ್ದಳು, ಉದ್ದನೆಯ ಮೂತಿ ಮುಂದೆ ಚಾಚಿದಳು. ಅವಳು ನನ್ನ ಕೈಯಿಂದ ನೂರು ಸಲ ತಿಂದಿದ್ದಾಳೆ. ಬಾಟಲಿಯೊಳಗೆ ಬ್ರಷ್ಷಿನ ಸದ್ದು ನಿಂತಿತು. ನಾನು ಆರ್ಲೊನ ಮುಖ ನೋಡಲಿಲ್ಲ, ಅವನ ಬೂಟುಗಳನ್ನೇ ನೋಡುತ್ತಿದ್ದೆ. ಬೂಟು ಅಲುಗಲಿಲ್ಲ. ಪರ್ಲ್‌ಳ ಉಸಿರು ನನ್ನ ಬೆರಳಿಗೆ ತಗುಲಿತು. ಇನ್ನೂ ಬೂಟು ಅಲುಗಲಿಲ್ಲ. ಹಾಗಾದರೆ ಹಾಪ್ಸ್ ಇಲ್ಲವೇನೋ, ನಾನೇ ತಪ್ಪಿರಬೇಕು ಎಂದುಕೊಂಡೆ.

ಬಾಟಲಿ ಕೆಳಗೆ ಬಿದ್ದು ಒಡೆಯಿತು. ಆರ್ಲೊ ನನ್ನ ಮಣಿಕಟ್ಟು ಹಿಡಿದಿದ್ದ. ಎಷ್ಟು ಬಿಗಿಯಾಗಿ ಎಂದರೆ ಬಿಸ್ಕತ್ತು ನನ್ನ ಮುಷ್ಟಿಯಲ್ಲೇ ಪುಡಿಯಾಯಿತು.

"ಬೇಡ" ಎಂದ. "ಪರ್ಲ್, ಹಿಂದೆ ಹೋಗು. ಹೋಗು!"

ಪರ್ಲ್ ಹೋದಳು. ನಾವಿಬ್ಬರೂ ಹಾಗೆಯೇ ಇದ್ದೆವು, ನಾನು ಮಂಡಿಯ ಮೇಲೆ, ಅವನು ಬಗ್ಗಿಕೊಂಡು.

"ಎಷ್ಟು ಹಾಕಿದ್ಯೋ?" ಎಂದೆ.

"ನಿಜವಾಗ್ಲೂ ತಿಂದಿದಾನಾ?"

"ಆರ್ಲೊ!"

"ನಂಗೆ ನೆನಪೇ ಆಗ್ಲಿಲ್ಲ ವಿಲ್ಮಾ. ದೇವರಾಣೆ. ಈ ಬಿಯರಿನ ಚರಟ ಪ್ರತಿ ವರ್ಷ ನಾನೇ ಎಸೀತಿದ್ದೆ, ಈ ಸಲ ಬೇರೆಯವುಗಳ ಹಾಗೇ ಬಕೆಟ್ಟಿಗೆ ತುಂಬಿ ಕೊಟ್ಟೆ. ನಾರ್ಬ್ ನೋಡ್ದೇ ಇರ್ಲಿ ಅನ್ನೋದೊಂದೇ ತಲೇಲಿತ್ತು. ನೀನು ಫೋನ್ ಮಾಡ್ದಾಗ..." ಮಾತು ಮುಗಿಸದೆ ಕೀಲಿಕೈ ಹುಡುಕತೊಡಗಿದ. "ನನ್ನ ಗಾಡೀಲಿ ತಂಪು ಇದೆ. ನಡಿ."

ಮೂವರೂ ಸೇರಿ ವಾಲ್ಡೊನನ್ನು ಕಂಬಳಿಯಲ್ಲಿ ಎತ್ತಿ ಹಿಂದಿನ ಸೀಟಿಗೆ ಹಾಕಿದೆವು. ನಾರ್ಬ್ ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ, ಅಷ್ಟೇ. ಆರ್ಲೊ ಎರಡು ಕೆಂಪು ದೀಪ ದಾಟಿಸಿದ. ನಲವತ್ತು ವರ್ಷದಲ್ಲಿ ಅವನು ಹಳದಿ ದೀಪ ದಾಟಿಸಿದ್ದನ್ನೂ ನಾನು ನೋಡಿಲ್ಲ.

ಹನ್ನೊಂದೂ ಐವತ್ತಕ್ಕೆ ಟ್ರೂಡಿ ಬಾಗಿಲು ತೆರೆದು ಹಿಡಿದಿದ್ದಳು. ಜ್ವರ ನೂರಾ ಐದು ದಾಟಿತ್ತು. ಡಾಕ್ಟರು ಸೊರೆನ್ಸನ್, ಎತ್ತರದ ಹೆಂಗಸು, ಕೈಗವಸು ಹಾಕಿಕೊಳ್ಳುತ್ತಲೇ ಕೇಳಿದರು: "ಯಾರದ್ದು ಕಾಳು?"

"ನಂದು" ಎಂದ ಆರ್ಲೊ.

"ಹಾಪ್ಸ್ ಎಷ್ಟು? ಎಷ್ಟು ಕಾಳಿಗೆ? ಹೂವಾ, ಪುಡಿ ಒತ್ತಿದ ಗುಳಿಗೆನಾ? ಯಾವಾಗ ಹಾಕಿದ್ರಿ?"

ಆರ್ಲೊ ನಾರ್ಬ್‌ನ ಕಡೆ ನೋಡಿದ. ನಾರ್ಬ್ ಮೇಜಿನ ಪಕ್ಕ ಬಗ್ಗಿ ವಾಲ್ಡೊನ ತಲೆ ಹಿಡಿದಿದ್ದ. ಬಿಟ್ಟರೆ ನಾಯಿ ಕೆಳಗೆ ಬೀಳುತ್ತಿತ್ತು.

"ನಾನು ಆಚೆ ಹೋಗೋಕಾಗಲ್ಲ ಕಣೋ" ಎಂದ ನಾರ್ಬ್. "ಬೇಕಾದ್ರೆ ಕಿವೀಲಿ ಹೇಳು."

"ಕಿವೀಲಿ ಯಾಕ್ರೀ?" ಎಂದರು ಡಾಕ್ಟರು. "ಜೋರಾಗಿ ಹೇಳಿ, ಟ್ರೂಡಿ ಬರ್ಕೋಬೇಕು."

ಆರ್ಲೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಎರಡು ಔನ್ಸು. ಹತ್ತು ಪೌಂಡ್ ಕಾಳಿಗೆ. ಗುಳಿಗೆ. ಬಿಸಿನೀರು ಹಾಕೋವಾಗ್ಲೇ, ಕಾಳಿನ ಜೊತೆಗೇ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಬಿಚ್ಚಿದ ಕೊಳಾಯಿಯಂತೆ ಯಾರೂ ಕೇಳದಿದ್ದೂ ಬಂತು. "ಜರ್ಮನ್ ಹಾಪ್ಸು, ಎರಡು ವರ್ಷ ಹಳೇದು. ಹೊಸದಾದ್ರೆ ಕಹಿ ಜಾಸ್ತಿ. ಅರ್ಧಕ್ಕರ್ಧ ಗೋಧಿ. ಕುದಿಸೋ ಹಾಗಿಲ್ಲ, ಬರೀ ಕಾಲು ಗಂಟೆ ಅಡುಗೆಮನೆ ಒಲೇಲಿ ಬಿಸಿ. ಹುಳಿಗೆ ಮನೇ ಮೊಸರಿನ ನೀರು, ಎರಡು ಚಮಚ. ನಮ್ಮಮ್ಮ ಹಾಗೇ ಮಾಡ್ತಿದ್ಲು."

ಟ್ರೂಡಿ ಎಲ್ಲವನ್ನೂ ಬರೆದುಕೊಂಡಳು, ಮೊಸರಿನ ನೀರನ್ನೂ. ನಾರ್ಬ್ ತಲೆ ಎತ್ತಲಿಲ್ಲ. ಅವನ ತುಟಿ ಮೆಲ್ಲಗೆ ಅಲುಗುತ್ತಿತ್ತು. ಪ್ರಾರ್ಥನೆ ಎಂದು ಆಗ ನಾನು ಅಂದುಕೊಂಡೆ.

ಹೊರಗಿನ ಕೋಣೆಯಲ್ಲಿ ಆರ್ಲೊ ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ನನ್ನ ಮಣಿಕಟ್ಟಿನ ಮೇಲೆ ಅವನ ಬೆರಳಿನ ಗುರುತು ಕೆಂಪಗೆ ಕಾಣುತ್ತಿತ್ತು, ಅಂಗೈಯಲ್ಲಿ ಬಿಸ್ಕತ್ತಿನ ಪುಡಿ ಇನ್ನೂ ಅಂಟಿತ್ತು.

"ನಾನು ಹಿಡೀದೇ ಇದ್ದಿದ್ರೆ?" ಎಂದ ಕೊನೆಗೆ.

"ಕೊಡ್ತಿರ್ಲಿಲ್ಲ. ಮುಷ್ಟಿ ಮುಚ್ಚಿಬಿಡ್ತಿದ್ದೆ."

"ಹೌದಾ?"

"ಹೌದು."

ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯದು. ಆ ಕ್ಷಣವನ್ನು ನಾನು ಅಂದಿನಿಂದ ಎಷ್ಟೋ ಸಲ ಮತ್ತೆ ನೋಡಿದ್ದೇನೆ. ಪರ್ಲ್‌ಳ ಉಸಿರು ಬೆರಳಿಗೆ ತಗುಲಿದಾಗ ನನ್ನ ಬೆರಳು ಮುಚ್ಚುತ್ತಿತ್ತೋ, ತೆರೆದೇ ಇತ್ತೋ? ಮುಚ್ಚುತ್ತಿತ್ತು ಎಂದೇ ನನ್ನ ನೆನಪು. ಆದರೆ ಅದು ನನ್ನ ಪರವಾಗಿ ನಾನೇ ಹೇಳುವ ಸಾಕ್ಷಿ.

ವಾಲ್ಡೊ ಬದುಕಿದ. ಮರುದಿನ ಸಂಜೆ ಮನೆಗೆ ಬಂದ, ಮುಂಗಾಲಿನ ಕೂದಲು ಬೋಳಿಸಿಕೊಂಡು, ನಮ್ಮ ಮೇಲೆ ಸಿಟ್ಟು ಮಾಡಿಕೊಂಡು. ಉಳಿದ ಬಿಸ್ಕತ್ತುಗಳನ್ನು ಎರಡು ಚೀಲದಲ್ಲಿ ಬಿಗಿದು, ಬೇರೆ ನಾಯಿಗಳ ಮೂಗಿಗೆ ಸಿಗದಂತೆ ಮುಚ್ಚಳಕ್ಕೆ ಕಲ್ಲು ಹೇರಿ ಕಸದ ಡಬ್ಬಿಗೆ ಹಾಕಿದೆ. ಸಂಘದ ಊಟದಲ್ಲಿ ಯಾಕೆ ಬಿಸ್ಕತ್ತಿಲ್ಲ ಎಂದವರಿಗೆ ಸೀದುಹೋಯಿತು ಎಂದೆ. ಆರ್ಲೊನ ಗುಟ್ಟು ಅವನದು. ಎರಡು ವಾರದ ಮೇಲೆ ಮೇಳದಲ್ಲಿ ಆರನೆಯ ಸಲ ಗೆದ್ದ.

ಆಮೇಲೆ ನಾನೊಂದು ಚೀಟಿ ಮಾಡಿದೆ. ಚರಟ ಕೊಡುವವರು ಬಕೆಟ್ಟಿಗೆ ಅಂಟಿಸಬೇಕು. ಒಂದೇ ಪ್ರಶ್ನೆ: ಕಾಳಿನ ಜೊತೆ ಹಾಪ್ಸ್ ಇತ್ತೇ? ಹೌದು, ಇಲ್ಲ. ಕೆಳಗೆ ಸಹಿ. ಎಲ್ಲರೂ ನಕ್ಕರು, ಎಲ್ಲರೂ ಸಹಿ ಹಾಕಿದರು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಕೆಲಸದಿಂದ ಬಂದಾಗ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಾರ್ಬ್‌ನ ಬಕೆಟ್ಟು ಇತ್ತು. ಚರಟ ಇನ್ನೂ ಬೆಚ್ಚಗಿತ್ತು. ಕೆಳಗೆ ಇಣುಕಿ ನೋಡಿದೆ. ಒಲೆ ಮೂಲೆಯಲ್ಲಿ, ಅದರ ಮೇಲೆ ಹಳೆಯ ಪತ್ರಿಕೆಗಳ ರಾಶಿ. ಸಿಂಕಿನ ಪಕ್ಕ ಮೊಸರಿನ ಡಬ್ಬಿ, ಒಂದು ಚಮಚ.

ಚೀಟಿಯನ್ನು ಬೆಳಕಿಗೆ ಹಿಡಿದೆ. "ಹೌದು" ಎಂಬುದರ ಸುತ್ತ ದಪ್ಪಗೆ ಗೀಚಿತ್ತು, ಕೆಳಗೆ ನಾರ್ಬ್‌ನ ಸಹಿ.

ಅವನು ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದ. ನನ್ನ ಕೈಯಲ್ಲಿ ಚೀಟಿ ನೋಡಿ ಕಿವಿ ಕೆಂಪಾಯಿತು.

"ನಾಯಿ ವಿಷಯಕ್ಕೆ ಸುಳ್ಳು ಬರಿಯಲ್ಲ ಕಣೇ" ಎಂದ. "ಬೇರೆ ಏನೂ ಕೇಳ್ಬೇಡ."

"ಆಸ್ಪತ್ರೆ ಮೇಜಿನ ಹತ್ರ ನಿನ್ನ ತುಟಿ ಅಲುಗ್ತಿತ್ತು, ಪ್ರಾರ್ಥನೆ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

"ಅದನ್ನೂ ಮಾಡ್ದೆ" ಎಂದ ನಾರ್ಬ್.

ಚರಟವನ್ನು ಹಿತ್ತಲ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ ಹೂತೆ, ಮೇಲೆ ಹಲಗೆ ಹಾಕಿದೆ. ಚೀಟಿಯನ್ನು ಹರಿಯಲು ಹೋಗಿ ನಿಂತೆ. ಹರಿದರೆ ನಾನೇ ಮಾಡಿದ ನಿಯಮವನ್ನು ಮುರಿದಂತೆ. ಇಟ್ಟರೆ ಯಾರಾದರೂ ನೋಡುತ್ತಾರೆ. ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಅದು ಅಲ್ಲಿದ್ದಾಗಲೇ ಆರ್ಲೊ ಪರ್ಲ್‌ಳನ್ನು ಕರೆದುಕೊಂಡು ಬೇಲಿಯ ಹತ್ತಿರ ಬಂದ. ಆಗಸ್ಟಿನ ಆ ಶನಿವಾರದಿಂದ ದಿನಾ ಸಂಜೆ ವಾಲ್ಡೊನನ್ನು ನೋಡಿಕೊಂಡು ಹೋಗುತ್ತಿದ್ದ. ಜೇಬಿನಿಂದ ಅಂಗಡಿಯ ಬಿಸ್ಕತ್ತು ತೆಗೆದು ವಾಲ್ಡೊಗೊಂದು, ಪರ್ಲ್‌ಗೊಂದು ಕೊಟ್ಟ.

"ಗುಂಡಿ ತೋಡ್ತಿದ್ಯಲ್ಲ" ಎಂದ. "ಏನದು?"

"ಚರಟ. ಹುಳಿತು ಹೋಗಿತ್ತು."

"ನಾರ್ಬ್ ಬಿಯರ್ ಮಾಡಿದ್ನಾ?" ಅವನು ಹಲಗೆಯನ್ನು ನೋಡುತ್ತಿದ್ದ. "ಬಿಸ್ಕತ್ತು ಮಾಡ್ದೆ ಹೂಳೋದು ಯಾಕೆ ವಿಲ್ಮಾ? ಅದ್ರಲ್ಲೇನು ಹಾಪ್ಸ್ ಇತ್ತಾ?"

ಜೇಬಿನ ಮೇಲೆ ನನ್ನ ಕೈ ತಾನಾಗಿ ಹೋಯಿತು.

"ಕಾಳು ನೆನೆಯೋವಾಗ ಹಾಪ್ಸ್ ಯಾರಾದ್ರೂ ಹಾಕ್ತಾರಾ, ಆರ್ಲೊ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ನನ್ನ ಬೂಟುಗಳನ್ನೇ ನೋಡುತ್ತಾ ನಿಂತ.